ಗ್ಯಾಸ್‌ನಲ್ಲಿ ಓಡುತ್ತೆ, ಪೆಟ್ರೋಲ್‌ಗೆ ಹಾಕಿದ್ರೆ ನಿಲ್ಲುತ್ತೆ: ಹಳೇ ಓಮ್ನಿಗಳ ಕಾಯಿಲೆಗೆ ಇ20 ಒಂದೇ ಕಾರಣವೇ?

ಹಾಸನ: ಬೆಳಗಿನ ಜಾವ ಮಾರ್ಕೆಟ್‌ಗೆ ಹೊರಡೋ ಹೊತ್ತು. ಸೆಲ್ಫ್ ಹೊಡೆದರೆ ಇಂಜಿನ್ ಸುತ್ತುತ್ತೆ, ಆದ್ರೆ ಹಿಡಿಯಲ್ಲ. ನಾಲ್ಕೈದು ಸಲ ಹೊಡೆದ ಮೇಲೆ ಸ್ಟಾರ್ಟ್ ಆದರೂ ಪೆಟ್ರೋಲ್‌ನಲ್ಲಿ ಗಡಗಡ ಅಂತ ಮಿಸ್ಸಿಂಗ್. ಗ್ಯಾಸ್‌ಗೆ ಬದಲಾಯಿಸಿದರೆ ಸರಿಹೋಗುತ್ತೆ. ಮಾರನೇ ದಿನ ಉಲ್ಟಾ, ಪೆಟ್ರೋಲ್‌ನಲ್ಲಿ ಓಡುತ್ತೆ, ಗ್ಯಾಸ್‌ಗೆ ಹಾಕಿದ ಕೂಡಲೇ ಕುಂಟುತ್ತೆ. ಹಳೇ ಓಮ್ನಿ, ಹಳೇ ವ್ಯಾಗನ್ ಆರ್ ಡ್ಯುಯೋ, ಹೊರಗಡೆ ಕಿಟ್ ಹಾಕಿಸಿದ ಕಾರುಗಳನ್ನು ಇಟ್ಟುಕೊಂಡವರಿಗೆ ಈ ಪಾಡು ಹೊಸದಲ್ಲ. ಈಗ ಹೊಸದಾಗಿ ಸೇರಿರೋದು ಒಂದು ಮಾತು: "ಎಲ್ಲಾ ಇ20 ಪೆಟ್ರೋಲ್‌ನ ಕರಾಮತ್ತು."

ಇದು ಬರೀ ಗಾಡಿ ವಿಷಯ ಅಲ್ಲ. ತಾಲ್ಲೂಕು ಕೇಂದ್ರಗಳಲ್ಲಿ ತರಕಾರಿ, ಹೂವು, ಬೇಕರಿ ತಿಂಡಿ, ಶಾಮಿಯಾನ ಸಾಮಾನು ಸಾಗಿಸೋದು ಇಂಥ ಗಾಡಿಗಳೇ. ಗಾಡಿ ಒಂದು ದಿನ ನಿಂತರೆ ಆ ದಿನದ ವ್ಯಾಪಾರ ಹೋಯ್ತು. ಅದಕ್ಕಿಂತ ದೊಡ್ಡ ನಷ್ಟ ಆಗೋದು ಗ್ಯಾರೇಜಿನಲ್ಲಿ. ಕಾಯಿಲೆ ಯಾವುದು ಅಂತ ಗೊತ್ತಾಗುವ ಮೊದಲೇ ಪಂಪ್ ಬದಲಾಯಿಸಿ, ಕಿಟ್ ಬಿಚ್ಚಿಸಿ, ಕೊನೆಗೆ ಇಂಜಿನ್ ಕೆಲಸಕ್ಕೆ ಕೈ ಹಾಕಿ ಸಾವಿರಾರು ರೂಪಾಯಿ ಕಳೆದುಕೊಂಡವರಿದ್ದಾರೆ.

ಹಾಗಾದರೆ ತಪ್ಪು ಯಾರದ್ದು? ಸರ್ಕಾರದ ಪೆಟ್ರೋಲ್‌ದಾ, ಗ್ಯಾಸ್ ಕಿಟ್‌ದಾ, ಮಾಲೀಕರ ಅಭ್ಯಾಸದ್ದಾ? ಮೂರರಲ್ಲೂ ಸ್ವಲ್ಪ ಸ್ವಲ್ಪ ಇದೆ. ಯಾವುದು ಎಷ್ಟು ಅನ್ನೋದನ್ನು ಗಾಡಿಯೇ ಹೇಳುತ್ತೆ, ಕೇಳುವ ಕ್ರಮ ಗೊತ್ತಿರಬೇಕು ಅಷ್ಟೇ.

ಇ20 ಲೆಕ್ಕ ಏನು?

ಇ20 ಅಂದರೆ 20 ಭಾಗ ಎಥೆನಾಲ್, 80 ಭಾಗ ಪೆಟ್ರೋಲ್. 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲೇ ಪ್ರಧಾನಿ ಇದಕ್ಕೆ ಚಾಲನೆ ಕೊಟ್ಟರು. ಮೊದಲು 2030ಕ್ಕೆ ಇದ್ದ ಗುರಿಯನ್ನು ಹಿಂದಕ್ಕೆ ತಂದು, 2025ರ ಹೊತ್ತಿಗೆ ದೇಶದ ಹೆಚ್ಚಿನ ಬಂಕ್‌ಗಳಲ್ಲಿ ಇದೇ ಪೆಟ್ರೋಲ್ ಆಯ್ತು. ಇ20ಗೆ ಹೊಂದುವ ರಬ್ಬರ್, ಪ್ಲಾಸ್ಟಿಕ್ ಭಾಗಗಳಿರುವ ವಾಹನಗಳು ಬರಲು ಶುರುವಾಗಿದ್ದು 2023ರ ಏಪ್ರಿಲ್‌ನಿಂದ. ಓಮ್ನಿ ತಯಾರಿಕೆ ನಿಂತಿದ್ದು 2019ರಲ್ಲಿ. ಅಂದರೆ ಇವತ್ತು ರಸ್ತೆಯಲ್ಲಿ ಓಡ್ತಿರೋ ಓಮ್ನಿಗಳೆಲ್ಲ ಇ20ಗಿಂತ ಹಿಂದಿನ ಕಾಲದವೇ.

ಮೈಲೇಜ್ ಬೀಳೋದು ಕಟ್ಟುಕಥೆ ಅಲ್ಲ. ಎಥೆನಾಲ್‌ನಲ್ಲಿ ಪೆಟ್ರೋಲ್‌ಗಿಂತ ಸುಮಾರು ಮೂರನೇ ಒಂದು ಭಾಗ ಶಕ್ತಿ ಕಡಿಮೆ. ನೀತಿ ಆಯೋಗದ 2021ರ ವರದಿಯೇ, ಎಥೆನಾಲ್ ಇಲ್ಲದ ಪೆಟ್ರೋಲ್‌ಗೆ ತಯಾರಾಗಿ ಇ10ಗೆ ಟ್ಯೂನ್ ಆದ ಕಾರುಗಳಲ್ಲಿ ಇ20 ಹಾಕಿದರೆ ಇಂಧನ ಕ್ಷಮತೆ ಶೇ 6ರಿಂದ 7ರಷ್ಟು ಇಳಿಯಬಹುದು ಅಂತ ಹೇಳಿತ್ತು. 2025ರ ಆಗಸ್ಟ್‌ನಲ್ಲಿ ವಿವಾದ ಜೋರಾದಾಗ ಪೆಟ್ರೋಲಿಯಂ ಸಚಿವಾಲಯ, ದೊಡ್ಡ ತೊಂದರೆ ಏನೂ ಇಲ್ಲ, ಕೆಲವು ಹಳೇ ವಾಹನಗಳಲ್ಲಿ 20 ಸಾವಿರದಿಂದ 30 ಸಾವಿರ ಕಿ.ಮೀ. ಓಡಿದ ಮೇಲೆ ರಬ್ಬರ್ ಭಾಗ, ಗ್ಯಾಸ್ಕೆಟ್ ಬದಲಾಯಿಸಬೇಕಾಗಬಹುದು ಅಂತ ಸ್ಪಷ್ಟನೆ ಕೊಟ್ಟಿತು. ಎಥೆನಾಲ್ ಇಲ್ಲದ ಪೆಟ್ರೋಲೂ ಸಿಗಬೇಕು ಅಂತ ಕೇಳಿದ್ದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯನ್ನು ಸುಪ್ರೀಂ ಕೋರ್ಟ್ ಅದೇ ವರ್ಷ ಸೆಪ್ಟೆಂಬರ್ 1ರಂದು ವಜಾ ಮಾಡಿತು. ಅಲ್ಲಿಗೆ ಹಳೇ ಗಾಡಿಯವರು ಬಂಕ್‌ನಲ್ಲಿ ಸಿಗೋದನ್ನೇ ಹಾಕಿಸಬೇಕು.

ಆದರೆ ಶೇ 6–7 ಮೈಲೇಜ್ ಬೀಳೋದು ಬೇರೆ, ಗಾಡಿ ಸ್ಟಾರ್ಟೇ ಆಗದಿರೋದು ಬೇರೆ. ಎರಡನ್ನೂ ಒಂದೇ ಮೂಟೆಗೆ ಕಟ್ಟಿದರೆ ರಿಪೇರಿ ದಾರಿ ತಪ್ಪುತ್ತೆ.

ನೂರು ರೂಪಾಯಿ ಪೆಟ್ರೋಲ್‌ನ ಕಥೆ

ಎರಡು ಇಂಧನದ ಗಾಡಿಯವರ ಅಭ್ಯಾಸ ಎಲ್ಲರಿಗೂ ಗೊತ್ತು. ಓಡೋದೆಲ್ಲಾ ಗ್ಯಾಸ್‌ನಲ್ಲಿ. ಪೆಟ್ರೋಲ್ ಬರೀ ಸ್ಟಾರ್ಟಿಂಗ್‌ಗೆ, ಗ್ಯಾಸ್ ಖಾಲಿ ಆದಾಗ ಬಂಕ್ ಮುಟ್ಟೋಕೆ. ಅದಕ್ಕೇ ನೂರು, ಇನ್ನೂರು ರೂಪಾಯಿದ್ದು ಹಾಕಿಸಿದರೆ ತಿಂಗಳುಗಟ್ಟಲೆ ಹಾಗೇ ಇರುತ್ತೆ. ಟ್ಯಾಂಕ್ ಮುಕ್ಕಾಲು ಪಾಲು ಖಾಲಿ.

ಇ20 ಕಚ್ಚೋದು ಇಲ್ಲೇ. ಎಥೆನಾಲ್‌ಗೆ ತೇವ ಹೀರೋ ಗುಣ ಇದೆ. ಖಾಲಿ ಟ್ಯಾಂಕ್‌ನಲ್ಲಿ ಗಾಳಿ ಜಾಸ್ತಿ, ಗಾಳಿ ಜೊತೆ ತೇವವೂ ಜಾಸ್ತಿ. ಸಕಲೇಶಪುರ ಕಡೆಯ ಮಳೆಗಾಲದಲ್ಲಂತೂ ಹೇಳೋದೇ ಬೇಡ. ನೀರಿನ ಅಂಶ ಮಿತಿ ಮೀರಿದರೆ ಎಥೆನಾಲ್ ಮತ್ತು ನೀರು ಪೆಟ್ರೋಲ್‌ನಿಂದ ಬೇರೆಯಾಗಿ ಟ್ಯಾಂಕ್ ತಳಕ್ಕೆ ಇಳಿಯುತ್ತೆ. ಇಂಜಿನ್‌ಗೆ ಇಂಧನ ಹೋಗೋದೂ ತಳದಿಂದಲೇ. ಜೊತೆಗೆ ಹಳೇ ತಗಡಿನ ಟ್ಯಾಂಕ್‌ನಲ್ಲಿ ತುಕ್ಕು ಹಿಡಿಯುತ್ತೆ. ವರ್ಷಗಳಿಂದ ಟ್ಯಾಂಕು, ಪೈಪಿನ ಗೋಡೆಗೆ ಅಂಟಿದ್ದ ಕೊಳೆಯನ್ನು ಎಥೆನಾಲ್ ಕರಗಿಸಿ ಬಿಡಿಸುತ್ತೆ, ಅದು ಬಂದು ಫಿಲ್ಟರ್‌ನಲ್ಲಿ ಕೂರುತ್ತೆ.

ಅದೇ ವಯಸ್ಸಿನ, ಪೆಟ್ರೋಲ್‌ನಲ್ಲೇ ದಿನಾ ಓಡುವ ಗಾಡಿಯಲ್ಲಿ ವಾರಕ್ಕೆ ಒಂದೆರಡು ಸಲ ಹೊಸ ಪೆಟ್ರೋಲ್ ಬೀಳುತ್ತೆ. ಅಲ್ಲಿ ನೀರು ನಿಲ್ಲೋಕೆ, ಪೆಟ್ರೋಲ್ ಹಳಸೋಕೆ ಅಷ್ಟು ಸಮಯ ಸಿಗಲ್ಲ. ಗ್ಯಾಸ್ ಗಾಡಿಗಳಿಗೆ ಇ20 ಹೆಚ್ಚು ತೊಂದರೆ ಕೊಡೋದಕ್ಕೆ ಕಾರಣ, ಪೆಟ್ರೋಲ್ ಕಡೆಯನ್ನು ಯಾರೂ ನೋಡದೆ ಬಿಟ್ಟಿರೋದು.

ಮೊದಲು ಸ್ವಿಚ್ ಕೇಳಿ, ಆಮೇಲೆ ಮೇಸ್ತ್ರಿ

ಬರೀ ಪೆಟ್ರೋಲ್ ಗಾಡಿಯವರಿಗೆ ಇಲ್ಲದ ಒಂದು ಅನುಕೂಲ ಎರಡು ಇಂಧನದವರಿಗೆ ಇದೆ. ಅದೇ ಡ್ಯಾಶ್‌ಬೋರ್ಡ್ ಮೇಲಿರೋ ಚೇಂಜ್‌ಓವರ್ ಸ್ವಿಚ್. ಇಂಜಿನ್ ಒಂದೇ, ಪ್ಲಗ್ ಒಂದೇ, ಇಂಧನದ ದಾರಿ ಮಾತ್ರ ಎರಡು. ಒಂದೇ ರಸ್ತೆ, ಒಂದೇ ಲೋಡ್, ಒಂದೇ ಗೇರ್‌ನಲ್ಲಿ ಸ್ವಲ್ಪ ದೂರ ಪೆಟ್ರೋಲ್‌ನಲ್ಲಿ, ಸ್ವಲ್ಪ ದೂರ ಗ್ಯಾಸ್‌ನಲ್ಲಿ ಓಡಿಸಿ ನೋಡಿದರೆ ಅರ್ಧ ಪರೀಕ್ಷೆ ಮುಗೀತು.

ಲೆಕ್ಕ ಹೀಗೆ:

• ಪೆಟ್ರೋಲ್‌ನಲ್ಲಿ ಮಾತ್ರ ತೊಂದರೆ – ಕಾಯಿಲೆ ಪೆಟ್ರೋಲ್ ಲೈನಿನಲ್ಲಿ.
• ಗ್ಯಾಸ್‌ನಲ್ಲಿ ಮಾತ್ರ ತೊಂದರೆ – ಕಿಟ್ ಕಡೆ, ಇಲ್ಲವೇ ಪ್ಲಗ್‌ನಲ್ಲಿ.
• ಎರಡರಲ್ಲೂ ಒಂದೇ ಥರ ತೊಂದರೆ – ಇಂಧನ ಬಿಟ್ಟು ಇಂಜಿನ್, ಕರೆಂಟ್, ಗಾಳಿಯ ಕಡೆ.

ಕಾರ್ಬ್ಯುರೇಟರ್ ಇರುವ ಹಳೇ ಓಮ್ನಿಯಲ್ಲಿ ಸ್ವಿಚ್ ಬದಲಾಯಿಸೋಕೂ ಒಂದು ಕ್ರಮ ಇದೆ. ಪೆಟ್ರೋಲ್‌ನಿಂದ ನೇರ ಗ್ಯಾಸ್‌ಗೆ ಹಾಕಬಾರದು. ಸ್ವಿಚ್ ನಡುವೆ ಇಟ್ಟು, ಕಾರ್ಬ್ಯುರೇಟರ್‌ನಲ್ಲಿ ಉಳಿದ ಪೆಟ್ರೋಲ್ ಮುಗಿದು ಇಂಜಿನ್ ಎಳೆಯೋದು ಕಮ್ಮಿ ಆದಾಗ ಗ್ಯಾಸ್‌ಗೆ ಹಾಕಬೇಕು. ಇಲ್ಲಾಂದ್ರೆ ಎರಡೂ ಒಟ್ಟಿಗೆ ಹೋಗಿ ಇಂಜಿನ್ ಉಸಿರುಗಟ್ಟುತ್ತೆ, ಇಲ್ಲದ ಕಾಯಿಲೆ ಇದ್ದ ಹಾಗೆ ಕಾಣುತ್ತೆ. ಇಂಜೆಕ್ಷನ್ ಗಾಡಿಗಳಲ್ಲಿ ಇಂಜಿನ್ ಬಿಸಿ ಆದ ಮೇಲೆ ಕಿಟ್ಟೇ ತಾನಾಗಿ ಬದಲಾಯಿಸೋದು ರೂಢಿ.

ಪೆಟ್ರೋಲ್‌ನಲ್ಲಿ ಮಾತ್ರ ಕುಂಟಿದರೆ

ಮೊದಲು ಟ್ಯಾಂಕ್‌ನಲ್ಲಿರೋದು ಎಷ್ಟು ಹಳೇದು ಅಂತ ನೆನಪು ಮಾಡಿಕೊಳ್ಳಬೇಕು. ಎರಡು ಮೂರು ತಿಂಗಳಿನದಾದರೆ ಅದನ್ನು ಇಳಿಸಿ, ತಳ ನೋಡಿ, ಹೊಸದು ಹಾಕಿಸೋದು ಅಗ್ಗದ ಔಷಧಿ. ಇಳಿಸಿದ್ದನ್ನು ಗಾಜಿನ ಬಾಟಲಿಯಲ್ಲಿ ಸ್ವಲ್ಪ ಹೊತ್ತು ಇಟ್ಟರೆ ಕೆಳಗೆ ಬೇರೆ ಪದರ ಕೂತಿದೆಯಾ, ತುಕ್ಕಿನ ಪುಡಿ ಇದೆಯಾ ಗೊತ್ತಾಗುತ್ತೆ. ಈ ಕೆಲಸ ಬಯಲಿನಲ್ಲಿ, ಬೀಡಿ–ಬೆಂಕಿಯಿಂದ ದೂರ.

ಎರಡನೇದು ಫಿಲ್ಟರ್. ಇ20 ಬಂದ ಮೇಲೆ ಒಂದು ಸಲವೂ ಬದಲಾಯಿಸದಿದ್ದರೆ ಈಗ ಬದಲಾಯಿಸಲೇಬೇಕು. ಮೂರನೇದು ರಬ್ಬರ್ ಪೈಪ್. ಉಬ್ಬಿದೆಯಾ, ಬಿರುಕು ಬಿಟ್ಟಿದೆಯಾ, ಒತ್ತಿದರೆ ಮೆತ್ತಗಾಗಿದೆಯಾ ನೋಡಬೇಕು. ಪೈಪ್‌ನಲ್ಲಿ ಪೆಟ್ರೋಲ್ ಜಿನುಗ್ತಿದ್ದರೆ ಅದು ಬರೀ ಪೆಟ್ರೋಲ್ ನಷ್ಟ ಅಲ್ಲ, ಬಿಸಿ ಇಂಜಿನ್ ಪಕ್ಕದಲ್ಲಿ ಬೆಂಕಿಗೆ ದಾರಿ.

ನಾಲ್ಕನೇದು ಪಂಪ್. ಇಂಜೆಕ್ಷನ್ ಗಾಡಿಗಳಲ್ಲಿ ಪಂಪ್ ಟ್ಯಾಂಕ್ ಒಳಗೇ ಇದ್ದು, ಸುತ್ತ ಇರೋ ಪೆಟ್ರೋಲ್‌ನಿಂದಲೇ ತಣ್ಣಗಿರುತ್ತೆ. ಕೆಲವು ಕಿಟ್‌ಗಳ ವೈರಿಂಗ್‌ನಲ್ಲಿ ಗಾಡಿ ಗ್ಯಾಸ್‌ನಲ್ಲಿ ಓಡುವಾಗಲೂ ಪೆಟ್ರೋಲ್ ಪಂಪ್ ಸುತ್ತುತ್ತಲೇ ಇರುತ್ತೆ. ಟ್ಯಾಂಕ್ ಖಾಲಿ ಇಟ್ಟರೆ ಒಣಗಿ ಸುಡೋದು ಖಚಿತ. ಟ್ಯಾಂಕ್‌ನಲ್ಲಿ ಯಾವಾಗಲೂ ಕಾಲು ಭಾಗವಾದರೂ ಪೆಟ್ರೋಲ್ ಇರಲಿ ಅಂತ ಮೆಕ್ಯಾನಿಕ್‌ಗಳು ಹೇಳೋದು ಇದಕ್ಕೇ. ಕಾರ್ಬ್ಯುರೇಟರ್ ಗಾಡಿಯಲ್ಲಾದರೆ ಪೆಟ್ರೋಲ್ ಒಣಗಿ ಗೋಂದಿನ ಹಾಗೆ ಜೆಟ್ ಕಟ್ಟಿಕೊಳ್ಳುತ್ತೆ. ಬಿಚ್ಚಿ ತೊಳೆದರೆ ಸರಿಹೋಗುತ್ತೆ.

ಗ್ಯಾಸ್‌ನಲ್ಲಿ ಮಾತ್ರ ಕುಂಟಿದರೆ

ಇಲ್ಲಿ ಬಹಳ ಜನ ಕೇಳೋ ದೂರು: "ಎರಡು ಮೂರು ಕಿಲೋಮೀಟರ್ ಚೆನ್ನಾಗಿ ಹೋಗುತ್ತೆ, ಆಮೇಲೆ ಪಿಕಪ್ ಬಿದ್ದು ನಿಲ್ಲುತ್ತೆ. ಹತ್ತು ನಿಮಿಷ ಬಿಟ್ಟರೆ ಮತ್ತೆ ಓಡುತ್ತೆ." ಇದು ಹೆಚ್ಚಾಗಿ ಕೂಲೆಂಟ್ ನೀರಿನ ಕಾಯಿಲೆ. ದ್ರವ ರೂಪದ ಎಲ್‌ಪಿಜಿಯನ್ನು ಆವಿ ಮಾಡುವ ವೇಪರೈಸರ್‌ಗೆ ಶಾಖ ಬೇಕು. ಆ ಶಾಖ ಇಂಜಿನ್‌ನ ಬಿಸಿ ಕೂಲೆಂಟ್‌ನಿಂದ ಬರುತ್ತೆ. ರೇಡಿಯೇಟರ್‌ನಲ್ಲಿ ನೀರು ಕಮ್ಮಿ ಆದರೆ, ಪೈಪ್ ಕಟ್ಟಿಕೊಂಡರೆ, ಒಳಗೆ ಗಾಳಿ ಸೇರಿದರೆ ಬಿಸಿ ಮುಟ್ಟಲ್ಲ, ವೇಪರೈಸರ್ ಮೇಲೆ ಬಿಳೀ ಮಂಜು ಕಟ್ಟುತ್ತೆ. ಆ ಮಂಜು ಕಂಡರೆ ಕಿಟ್ ಬದಲಾಯಿಸುವ ಮೊದಲು ಕೂಲೆಂಟ್ ನೋಡಿಸಿ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ಮಾತ್ರ ತೆಗೆಯಬೇಡಿ.

ಮಂಜು ಇಲ್ಲ, ಆದರೂ ಐಡ್ಲಿಂಗ್ ನಿಲ್ಲಲ್ಲ, ಸಿಗ್ನಲ್‌ನಲ್ಲಿ ಆಫ್ ಆಗುತ್ತೆ ಅಂದರೆ ವೇಪರೈಸರ್ ಒಳಗಿನ ರಬ್ಬರ್ ಡಯಾಫ್ರಮ್ ಗಟ್ಟಿಯಾಗಿರಬಹುದು, ಗ್ಯಾಸ್ ಫಿಲ್ಟರ್ ಕಟ್ಟಿರಬಹುದು, ಎಣ್ಣೆಯಂಥ ಜಿಡ್ಡು ತುಂಬಿರಬಹುದು. ಇದು ಗ್ಯಾಸ್ ಕಿಟ್ ಗೊತ್ತಿರುವವರೇ ಮಾಡಬೇಕಾದ ಕೆಲಸ. ಡಯಾಫ್ರಮ್, ವಾಷರ್ ಸೆಟ್ ಬದಲಾಯಿಸಿದರೆ ಆಗುವುದಕ್ಕೆ ಇಡೀ ಕಿಟ್ ಬದಲಾಯಿಸಬೇಕಿಲ್ಲ.

ಇನ್ನೊಂದು ಮೋಸದ ಕಾಯಿಲೆ ಇದೆ. ಗ್ಯಾಸ್ ಹತ್ತಿಸೋಕೆ ಪೆಟ್ರೋಲ್‌ಗಿಂತ ಜೋರಾದ ಕಿಡಿ ಬೇಕು. ಪ್ಲಗ್ ಸವೆದಿದ್ದರೆ, ಪ್ಲಗ್ ವೈರ್ ಬಿರುಕು ಬಿಟ್ಟಿದ್ದರೆ ಪೆಟ್ರೋಲ್‌ನಲ್ಲಿ ಹೇಗೋ ಓಡುತ್ತೆ, ಗ್ಯಾಸ್‌ನಲ್ಲಿ ಮಿಸ್ಸಿಂಗ್ ಕೊಡುತ್ತೆ. ಅದನ್ನೇ ಕಿಟ್ ಕೆಟ್ಟಿದೆ ಅಂದುಕೊಂಡು ಸಾವಿರಾರು ರೂಪಾಯಿ ಸುರಿಯೋದು ಸಾಮಾನ್ಯ. ಹಾಗಾಗಿ ಗ್ಯಾಸ್ ದೂರು ಬಂದರೆ ಮೊದಲು ಪ್ಲಗ್, ವೈರ್, ಡಿಸ್ಟ್ರಿಬ್ಯೂಟರ್ ಇದ್ದರೆ ಅದರ ಕ್ಯಾಪ್. ಆಮೇಲೆ ಕಿಟ್.

ಒಂದು ಮಾತು: ಲೋಡ್ ಹಾಕಿಕೊಂಡು ಶಿರಾಡಿ ಘಾಟ್ ಹತ್ತುವಾಗ ಗ್ಯಾಸ್‌ನಲ್ಲಿ ಎಳೆತ ಸ್ವಲ್ಪ ಕಡಿಮೆ ಅನ್ನಿಸೋದು ಹಳೇ ಕಿಟ್‌ಗಳಲ್ಲಿ ಇದ್ದದ್ದೇ. ಅದಕ್ಕೆ ರಿಪೇರಿ ಬೇಕಿಲ್ಲ, ಪೆಟ್ರೋಲ್‌ಗೆ ಹಾಕಿಕೊಂಡು ಹತ್ತಿದರಾಯ್ತು.

ಎರಡರಲ್ಲೂ ತೊಂದರೆ ಇದ್ದರೆ

ಇಂಥ ಗಾಡಿಯಲ್ಲಿ ಇ20 ಬೈದು ಪ್ರಯೋಜನ ಇಲ್ಲ. ಏರ್ ಫಿಲ್ಟರ್, ಪ್ಲಗ್, ಕಾಯಿಲ್, ವ್ಯಾಕ್ಯೂಮ್ ಪೈಪ್ ಮೊದಲು. ಅಲ್ಲಿ ಸರಿ ಇದ್ದರೆ ಟ್ಯಾಪೆಟ್ ಮತ್ತು ಕಂಪ್ರೆಷನ್. ವರ್ಷಗಟ್ಟಲೆ ಬರೀ ಗ್ಯಾಸ್‌ನಲ್ಲೇ ಓಡಿದ ಇಂಜಿನ್‌ನಲ್ಲಿ ವಾಲ್ವ್ ಕೂರುವ ಸೀಟ್ ಸವೆಯೋದುಂಟು. ಸವೆದಂತೆ ಟ್ಯಾಪೆಟ್ ಗ್ಯಾಪ್ ಕಡಿಮೆಯಾಗಿ ವಾಲ್ವ್ ಪೂರ್ತಿ ಮುಚ್ಚಲ್ಲ, ಕಂಪ್ರೆಷನ್ ಸೋರುತ್ತೆ, ಬೆಳಿಗ್ಗೆ ಸ್ಟಾರ್ಟಿಂಗ್ ಕಷ್ಟ. ಸಮಯಕ್ಕೆ ಟ್ಯಾಪೆಟ್ ಹೊಂದಿಸಿದರೆ ಸಣ್ಣ ಖರ್ಚು, ಬಿಟ್ಟರೆ ಹೆಡ್ ಇಳಿಸುವ ಕೆಲಸ. ಹೆಡ್ ಬಿಚ್ಚೋಕೆ ಒಪ್ಪುವ ಮೊದಲು ಕಂಪ್ರೆಷನ್ ಟೆಸ್ಟ್ ಮಾಡಿ ಅಂತ ಕೇಳೋದು ಗಿರಾಕಿಯ ಹಕ್ಕು.

ಬ್ಯಾಕ್ ಫೈರ್, ವಾಸನೆ ಬಂದರೆ ಓಡಿಸಬೇಡಿ

ಗ್ಯಾಸ್‌ನಲ್ಲಿ ಓಡುವಾಗ ಏರ್ ಫಿಲ್ಟರ್ ಕಡೆಯಿಂದ ಪಟಾರ್ ಅಂತ ಸದ್ದು ಬಂದರೆ ಅದು ಬ್ಯಾಕ್ ಫೈರ್. ಕಿಡಿ ಸರಿ ಇಲ್ಲ, ಟೈಮಿಂಗ್ ತಪ್ಪಿದೆ, ಇಲ್ಲವೇ ಗ್ಯಾಸ್ ಪ್ರಮಾಣ ಕಮ್ಮಿ ಬರ್ತಿದೆ ಅಂತ ಅರ್ಥ. ಫಿಲ್ಟರ್ ಡಬ್ಬಿ ಒಡೆದು ಹೋಗುವಷ್ಟು ಜೋರಾಗಿ ಬರಬಹುದು. ಪೆಟ್ರೋಲ್‌ಗೆ ಹಾಕಿಕೊಂಡು ನೇರ ಗ್ಯಾರೇಜಿಗೆ ಹೋಗಬೇಕು.

ಗ್ಯಾಸ್ ವಾಸನೆ ಬಂದರೆ ಗಾಡಿ ನಿಲ್ಲಿಸಿ, ಇಂಜಿನ್ ಆಫ್ ಮಾಡಿ, ಎಲ್ಲರೂ ಇಳಿದು, ಸಿಲಿಂಡರ್ ವಾಲ್ವ್ ಮುಚ್ಚಬೇಕು. ಮತ್ತೆ ಸೆಲ್ಫ್ ಹೊಡೆಯಬಾರದು. ಎಲ್‌ಪಿಜಿ ಗಾಳಿಗಿಂತ ಭಾರ, ಗಾಡಿಯ ನೆಲದಲ್ಲಿ, ಗುಂಡಿಯಲ್ಲಿ ಕೂತಿರುತ್ತೆ. ಸಿಎನ್‌ಜಿ ಹಗುರ, ಮೇಲೆ ಹೋಗುತ್ತೆ. ಸೋರಿಕೆ ಹುಡುಕೋಕೆ ಸೋಪಿನ ನೀರು ಹಚ್ಚಬೇಕು, ಬೆಂಕಿ ಕಡ್ಡಿ ಗೀರಬಾರದು.

ಇದಕ್ಕಿಂತ ದೊಡ್ಡ ಅಪಾಯ ಮನೆ ಸಿಲಿಂಡರ್. ಆಟೋ ಎಲ್‌ಪಿಜಿ ಬಂಕ್‌ಗಳು ಪೆಟ್ರೋಲ್ ಬಂಕ್‌ಗಳಷ್ಟು ಹತ್ತಿರ ಹತ್ತಿರ ಇಲ್ಲ. ದೂರ ಹೋಗೋ ಬದಲು 14.2 ಕೆ.ಜಿ. ಅಡುಗೆ ಸಿಲಿಂಡರ್‌ನಿಂದ ಮೋಟಾರ್ ಇಟ್ಟು ತುಂಬಿಸೋ ದಂಧೆಗೆ ಜನ ಬೀಳೋದು ಹೀಗೆ. ಇದು ಅಗತ್ಯ ವಸ್ತುಗಳ ಕಾಯ್ದೆಯಡಿ ಅಪರಾಧ. ಗಾಡಿಯ ಟ್ಯಾಂಕ್ ಶೇ 80ಕ್ಕಿಂತ ಹೆಚ್ಚು ತುಂಬಬಾರದು, ಬಿಸಿಲಿಗೆ ದ್ರವ ಹಿಗ್ಗೋಕೆ ಜಾಗ ಬೇಕು. ಗಲ್ಲಿಯಲ್ಲಿ ತುಂಬಿಸುವವರು ಇದನ್ನೆಲ್ಲ ನೋಡಿಕೊಂಡು ಕೂರಲ್ಲ.

ಕಾಗದ ಪತ್ರವೂ ಇಂಜಿನ್‌ನಷ್ಟೇ ಮುಖ್ಯ

ಕಿಟ್ ಹಾಕಿಸಿದ್ದು ಆರ್‌ಸಿಯಲ್ಲಿ ನಮೂದಾಗಿರಬೇಕು, ಇನ್ಶೂರೆನ್ಸ್‌ನಲ್ಲೂ ಸೇರಿರಬೇಕು. ಇಲ್ಲದಿದ್ದರೆ ಬೆಂಕಿ ಅವಘಡ ಆದಾಗ ಕ್ಲೇಮ್ ಕೈ ತಪ್ಪಬಹುದು. ಸಿಎನ್‌ಜಿ ಸಿಲಿಂಡರ್‌ಗೆ 3 ವರ್ಷಕ್ಕೊಮ್ಮೆ, ಆಟೋ ಎಲ್‌ಪಿಜಿ ಟ್ಯಾಂಕ್‌ಗೆ 5 ವರ್ಷಕ್ಕೊಮ್ಮೆ ಪರೀಕ್ಷೆ ಆಗಬೇಕು. ಕಾರು ಕೊಂಡಾಗ ಬಂದ ಸಿಲಿಂಡರ್ ಒಂದು ಸಲವೂ ಪರೀಕ್ಷೆ ಕಾಣದೆ ಓಡ್ತಿದ್ದರೆ ಇಂಜಿನ್ ರಿಪೇರಿಗಿಂತ ಮೊದಲು ಅದನ್ನು ಮಾಡಿಸಬೇಕು.

15 ವರ್ಷ ದಾಟಿದ ಖಾಸಗಿ ಕಾರಿನ ನೋಂದಣಿ ನವೀಕರಣಕ್ಕೆ 2022ರ ಏಪ್ರಿಲ್‌ನಿಂದ ಶುಲ್ಕ ₹5,000 ಆಗಿದೆ. 20 ವರ್ಷ ದಾಟಿದರೆ 2025ರ ಆಗಸ್ಟ್‌ನಿಂದ ₹10,000. ಅಂದರೆ ಹಳೇ ಗಾಡಿ ಇಟ್ಟುಕೊಳ್ಳೋದೇ ದುಬಾರಿ ಆಗ್ತಿದೆ. ಹೊಸ ಗಾಡಿ ಸಾಲ ಮಾಡೋ ಶಕ್ತಿ ಇಲ್ಲದ ವ್ಯಾಪಾರಿ ಈ ಶುಲ್ಕವನ್ನೂ ಕಟ್ಟಿ, ತಪ್ಪು ರಿಪೇರಿಗೂ ದುಡ್ಡು ಕೊಟ್ಟರೆ ಲಾಭ ಎಲ್ಲಿಂದ ಬರಬೇಕು?

ಯಾರು ಏನು ಮಾಡಬೇಕು?

ಹಳೇ ವಾಹನಗಳಿಗಾಗಿ ಇ10 ಪೆಟ್ರೋಲ್ ಉಳಿಸಬೇಕು ಅಂತ ನೀತಿ ಆಯೋಗದ ಅದೇ 2021ರ ವರದಿ ಹೇಳಿತ್ತು. ಮಾಮೂಲಿ ಬಂಕ್‌ನಲ್ಲಿ ಅಂಥ ಆಯ್ಕೆ ಇಲ್ಲ. ಸರ್ಕಾರ ಈ ಪ್ರಶ್ನೆಗೆ ಉತ್ತರ ಕೊಡಬೇಕು. ರಬ್ಬರ್ ಭಾಗ ಬದಲಾಯಿಸಿದರೆ ಸಾಕು ಅಂತ ಹೇಳೋದಾದರೆ, ಯಾವ ಮಾಡೆಲ್‌ಗೆ ಯಾವ ಭಾಗ ಅನ್ನೋದನ್ನು ಕಂಪನಿಗಳು ಕನ್ನಡದಲ್ಲಿ, ತಾಲ್ಲೂಕಿನ ಮೆಕ್ಯಾನಿಕ್‌ಗೆ ತಿಳಿಯೋ ಹಾಗೆ ಪಟ್ಟಿ ಮಾಡಿ ಕೊಡಲಿ.

ಅಲ್ಲಿವರೆಗೆ ಮಾಲೀಕರ ಕೈಯಲ್ಲಿರೋದು ಇಷ್ಟು. ದಿನಾ ಪೆಟ್ರೋಲ್‌ನಲ್ಲೇ ಸ್ಟಾರ್ಟ್ ಮಾಡಿ ಕೆಲವು ಕಿಲೋಮೀಟರ್ ಓಡಿಸೋದು. ಟ್ಯಾಂಕ್ ಕಾಲು ಭಾಗಕ್ಕಿಂತ ಇಳಿಯದ ಹಾಗೆ ನೋಡಿಕೊಳ್ಳೋದು. ವಾರಕ್ಕೊಮ್ಮೆ ಇಂಜಿನ್ ತಣ್ಣಗಿರುವಾಗ ಕೂಲೆಂಟ್ ನೋಡೋದು. ತೊಂದರೆ ಬಂದ ದಿನ ಒಂದು ಚೀಟಿಯಲ್ಲಿ ಬರೆದಿಡೋದು: ಪೆಟ್ರೋಲ್‌ನಲ್ಲಾ, ಗ್ಯಾಸ್‌ನಲ್ಲಾ? ಇಂಜಿನ್ ತಣ್ಣಗಿತ್ತಾ, ಬಿಸಿ ಇತ್ತಾ? ನಿಂತಾಗಲಾ, ಏರಿನಲ್ಲಾ? ಆ ಚೀಟಿ ಹಿಡಿದು ಗ್ಯಾರೇಜಿಗೆ ಹೋದರೆ, ಇಲ್ಲದ ಕೆಲಸ ಹೇಳೋ ಮೆಕ್ಯಾನಿಕ್ ಒಂದು ಸಲ ಯೋಚನೆ ಮಾಡ್ತಾನೆ. ಕೆಲಸ ಗೊತ್ತಿರೋ ಮೆಕ್ಯಾನಿಕ್‌ಗೆ ಅರ್ಧ ದಿನದ ಹುಡುಕಾಟ ಉಳಿಯುತ್ತೆ.